ಓಕ್ ಬ್ರೂಕ್ ಆಸ್ಪತ್ರೆಯಲ್ಲಿ ಒಬ್ಬ ಲಾರ್ಡ್

ನಾಲ್ಕು ದಿನ ಹಾಯಾಗಿರಲೆಂದು ಧಾರವಾಡದ ಗೆಳತಿ ಶಾರದಾಳ ಅಮೆರಿಕದ ಓಕ್ ಬ್ರೂಕ್ ಮನೆಗೆ ಬಂದವಳು ಆಸ್ಪತ್ರೆಯಲ್ಲಿ ಕುಳಿತಿದ್ದೆ. ಅವಳ ಮಗಳು ವಿದ್ಯಾಳ ಹೆರಿಗೆ ಕಷ್ಟವಾಗಿ ತುರ್ತಾಗಿ ಆಪರೇಷನ್‌ಗೆ ಒಯ್ದಿದ್ದರು. ಗಂಡ ಒಳಗೆ ಅವಳ ಜೊತೆಗಿದ್ದ. ನನ್ನ, ಶಾರದಾಳ ಎದುರಿಗೆ ವಿದ್ಯಾಳ ಮಾವ ಕುಳಿತಿದ್ದರು. ಇಂಗ್ಲೆಂಡಿನ ಲಾರ್ಡ್. ತಲೆತಲಾಂತರದ ಆ ಬಿರುದು ಗಂಡುಮಕ್ಕಳಿಗೆ ಮಾತ್ರ ಇಳಿಯುತ್ತದಂತೆ, ಇವರಿಗೋ ಒಬ್ಬನೇ ಮಗ. ಅಂಥವರ ಸ್ವೆಟರಿನ ಮೊಣಕೈಗೆ ತೇಪೆ ಹಾಕಿದ್ದು ನೋಡಿ ನನಗೆ ಆಶ್ಚರ್ಯವಾಯಿತು.

ನರ್ಸ್ ಬಂದು ಹೆಣ್ಣು ಮಗು, ಇಬ್ಬರೂ ಕ್ಷೇಮ ಎಂದಳು. ಶಾರದಾ ನನ್ನ ಕೈ ಹಿಡಿದು ಅತ್ತಳು. ಮರುಕ್ಷಣವೇ ಪಿಸುಗುಟ್ಟಿದಳು: "ಹೆಣ್ಣಾತಲ್ಲ, ಇವರ ಮಾರಿ ಹೆಂಗ ನೋಡ್ಲಿ ನಾ?"

ಲಾರ್ಡ್ ಕಣ್ಣೊರೆಸಿಕೊಳ್ಳುತ್ತಿದ್ದರು. ಶಾರದಾಳ ಮುಖ ನೋಡಿಯೇ ಅರ್ಥವಾಯಿತೇನೋ, ಮೆಲ್ಲಗೆ ತಮ್ಮ ಇಂಗ್ಲಿಷಿನಲ್ಲಿ ಹೇಳಿದರು: "ನನಗೆ ಮೂವರು ಅಕ್ಕಂದಿರು. ಅವರು ಹುಟ್ಟಿದಾಗ ನಮ್ಮಪ್ಪ ನೋಡಲೂ ಬರಲಿಲ್ಲವಂತೆ. ನಾನು ಹುಟ್ಟಿದಾಗ ಊರಿಗೆಲ್ಲ ಕೇಳುವಂತೆ ಚರ್ಚಿನ ಗಂಟೆ ಬಾರಿಸಿದರು. ಅದರ ಮಾತೆತ್ತಿದರೆ ದೊಡ್ಡಕ್ಕ ಈಗಲೂ ಎದ್ದು ಹೋಗುತ್ತಾಳೆ. ಬಿರುದು ನನ್ನ ಮಗನಿಗೇ ಮುಗಿದರೂ ಮುಗಿಯಲಿ. ಇಬ್ಬರೂ ಉಳಿದರಲ್ಲ, ಅಷ್ಟು ಸಾಕು."

ಮೊದಲ ಫೋನು ಆ ಅಕ್ಕನಿಗೇ ಮಾಡಿದರು. ಆಕೆ ಖುಷಿಯಿಂದ ಕೂಗಿದ್ದು ನಮಗೂ ಕೇಳಿಸಿತು.

ಶಾರದಾ ಥರ್ಮಾಸ್ ಬಿಚ್ಚಿ ಲೋಟಕ್ಕೆ ಚಹಾ ಬಗ್ಗಿಸಿದಳು. ಇಂಗ್ಲಿಷ್ ಮರೆತೇಹೋದವಳಂತೆ, "ಬೀಗರ, ಚಾ ತಗೋರಿ" ಎಂದಳು.

ಅವರು ಎರಡೂ ಕೈ ಚಾಚಿ ತೆಗೆದುಕೊಂಡರು.