ಹಾಸಿಗೆ ಬಟ್ಟೆ, ಸೀಸದ ಗುಂಡು

ಶಿವಾಜಿನಗರದ ಬಟ್ಟೆ ಗಲ್ಲಿಯಲ್ಲಿ ನಿಂತು ಹಾಸಿಗೆ ಬಟ್ಟೆಯನ್ನು ಬೆರಳುಗಳ ನಡುವೆ ಉಜ್ಜಿ ಉಜ್ಜಿ ನೋಡುತ್ತಿದ್ದೆ. ದಪ್ಪ ನೇಯ್ಗೆ, ನೀಲಿ ಪಟ್ಟೆ, ಗಂಜಿಯ ವಾಸನೆ. ಅಂಗಡಿಯವರಿಗೆ ಬೇಸರ ಬಂದಿರಬೇಕು.

"ದಿಂಬಿಗಾ ಸಾರ್, ಹಾಸಿಗೇಗಾ?"

"ಕೋವಿಗೆ" ಎಂದೆ.

ಅಳತೆ ಕಡ್ಡಿ ಹಿಡಿದ ಕೈ ಅಲ್ಲೇ ನಿಂತಿತು. "ಯಾ ಅಲ್ಲಾ! ನೋಡಿದ್ರೆ ಬ್ಯಾಂಕ್ ಸಾಹೇಬ್ರ ಥರ ಇದೀರ!"

ನಾನು ಬ್ಯಾಂಕಿನವನೇ, ಇಲಿ ಕಂಡರೆ ಕುರ್ಚಿ ಹತ್ತುವವನು. ಕೋವಿ ನನ್ನ ಮಾವನವರದು.

ಮಾವ ವಿಮಾನ ಕಾರ್ಖಾನೆಯಲ್ಲಿ ದುಡಿದು, ನಿವೃತ್ತರಾಗಿ ಜೀವನ್ ಬಿಮಾ ನಗರದಲ್ಲಿ ಮನೆ ಮಾಡಿಕೊಂಡವರು. ತಾತನ ಕಾಲದ ದಪ್ಪ ನಳಿಗೆಯ ರೈಫಲ್ಲೊಂದು ಅವರ ಪಾಲಿಗೆ ಬಂದಿದೆ. ಲೈಸೆನ್ಸ್ ಇದೆ, ಹೆದರಬೇಡಿ. ಅದರ ಬಾಯಲ್ಲಿ ನನ್ನ ಹೆಬ್ಬೆರಳು ಸಲೀಸಾಗಿ ಹಿಡಿಸುತ್ತದೆ. ಅದಕ್ಕೆ ಹೊಂದುವ ತೋಟಾ ಈಗ ಯಾವ ಅಂಗಡಿಯಲ್ಲೂ ಸಿಗದು. ಹಾಗಾಗಿ ಭಾನುವಾರ ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿ ತಾವೇ ತುಂಬುತ್ತಾರೆ. ಹಿತ್ತಾಳೆಯ ಕೊಳವೆಗೆ ಕರಿಮದ್ದು, ಮೇಲೆ ಉಣ್ಣೆಯ ಬಿಲ್ಲೆ, ಅದರ ಮೇಲೆ ಬಟ್ಟೆ ಸುತ್ತಿದ ಸೀಸದ ಗುಂಡು. ಗುಂಡು ನಳಿಗೆಗಿಂತ ಒಂದಿಷ್ಟೇ ಸಣ್ಣದು. ಆ ಸಂದು ತುಂಬುವುದು ಈ ಹಾಸಿಗೆ ಬಟ್ಟೆ. ಬಟ್ಟೆಗೆ ಸವರಲು ಕುರಿಕೊಬ್ಬು, ಜೇನುಮೇಣ ಕಾಯಿಸಿಡುತ್ತಾರೆ. ನಾನು ಹೆಣ್ಣು ನೋಡಲು ಹೋದ ದಿನ ಆ ಮನೆಯಲ್ಲಿ ಕೇಸರಿಬಾತಿನ ಘಮವನ್ನೆಲ್ಲ ಆ ಕೊಬ್ಬಿನ ವಾಸನೆ ನುಂಗಿಹಾಕಿತ್ತು. ಆದರೂ ಒಪ್ಪಿದೆ ಎಂಬುದನ್ನು ನನ್ನ ಹೆಂಡತಿ ಆಗಾಗ ನೆನೆಸಿಕೊಳ್ಳಬೇಕು.

ಮೊದಲೆಲ್ಲ ಮದ್ದು ಕೈಗೆ ಬಂತೆಂದರೆ ಮನೆಯಲ್ಲಿ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಅತ್ತೆಯೋ ಮಾತಿನಮಲ್ಲಿ. ಎದುರುಮನೆಯವರು ಕಿಟಕಿ ಪರದೆ ಬದಲಿಸಿದರೂ ಅವರಿಗೆ ಒಂದು ಬೆಳಗಿನ ಮಾತಾಗುತ್ತದೆ. ಪಾಪ, ಆ ಹೊತ್ತಿನಲ್ಲಿ ಮಾತ್ರ ಸುಮ್ಮನೆ ಅಡುಗೆಮನೆ ಸೇರಿ, ಆಮೇಲೆ ಬಡ್ಡಿ ಸಮೇತ ಮಾತಾಡುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಶೂಟಿಂಗ್ ರೇಂಜಿಗೆ ನಾನೇ ಅವರನ್ನು ಕಾರಿನಲ್ಲಿ ಕರೆದೊಯ್ದಿದ್ದೆ. ಮಾವ ಗುರಿಯಿಟ್ಟು ಟ್ರಿಗರ್ ಒತ್ತಿದರು. ಢಂ ಎಂದು ಬಿಳಿ ಹೊಗೆ ಏಳುವ ಬದಲು ಪಟ್ ಎಂದಿತು, ಅಷ್ಟೇ. ಆ ತೋಟಾಕ್ಕೆ ಮದ್ದು ಹಾಕುವುದನ್ನೇ ಮರೆತಿದ್ದರು. ತಳದಲ್ಲಿ ಕಿಡಿ ಹೊತ್ತಿಸುವ ಕೇಪಿನ ಬಲಕ್ಕಷ್ಟೇ ಗುಂಡು ನಳಿಗೆಯೊಳಗೆ ಹೋಗಿ ಸಿಕ್ಕಿಕೊಂಡಿತ್ತು. ರೇಂಜಿನ ಗೆಳೆಯರು ನಕ್ಕರು. ಮಾವ ನಗಲಿಲ್ಲ. ಮದ್ದು ಮರೆತವನು ನಾಳೆ ಸಿಕ್ಕಿಕೊಂಡ ಗುಂಡನ್ನೂ ಮರೆತು ಇನ್ನೊಂದು ಹಾರಿಸಿದರೆ ನಳಿಗೆಯೇ ಸಿಡಿಯುತ್ತದೆ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮನೆಗೆ ಬಂದು, "ಸ್ಟೇಷನ್‌ಗೆ ಒಪ್ಪಿಸ್ಬಿಡೋಣ. ನನ್ನ ತಲೆ ಮೇಲೆ ನನಗೇ ನಂಬಿಕೆ ಹೋಯ್ತು" ಎಂದರು. ಕೋವಿ ಹೋದರೆ ಈ ಮನುಷ್ಯನ ಭಾನುವಾರಗಳೇ ಹೋಗುತ್ತವಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು.

ಅತ್ತೆ ಕುರ್ಚಿ ಎಳೆದು ಅವರ ಎದುರು ಕೂತರು. "ಇಷ್ಟು ವರ್ಷ ನನ್ನ ಬಾಯಿ ಮುಚ್ಚಿಸಿ ಏನ್ ಸಾಧಿಸಿದ್ರಿ? ಬಾಯ್ಬಿಟ್ಟು ಹೇಳ್ಕೊಂಡು ಮಾಡಿದ್ರೆ ತಾನೆ ನೆನಪಿರೋದು? ನೀವು ಕೇಳಿ, ನಾನು ನೋಡಿ ಹೇಳ್ತೀನಿ."

ಅಂದಿನಿಂದ ನಿಯಮ ತಿರುಗಾಮುರುಗಾ. ಮಾವ ಮದ್ದು ಸುರಿದು "ಮದ್ದು?" ಎನ್ನುತ್ತಾರೆ. ಅತ್ತೆ, ಅಕ್ಕಿಡಬ್ಬದಲ್ಲಿ ಹುಳ ಹುಡುಕುವವರಂತೆ ಕೊಳವೆಗೆ ಟಾರ್ಚ್ ಬಿಟ್ಟು, "ಇದೆ" ಎನ್ನುತ್ತಾರೆ. ಆಮೇಲಷ್ಟೇ ಬಿಲ್ಲೆ, ಗುಂಡು. ನಡುನಡುವೆ ಎದುರುಮನೆಯ ಪರದೆಯೂ ನುಸುಳುತ್ತದೆ. ಮಾವ ಸಹಿಸಿಕೊಳ್ಳುತ್ತಾರೆ.

ನಾನು ಬಟ್ಟೆ ತಂದಾಗ ಇಬ್ಬರೂ ಮೇಜಿನ ಮುಂದಿದ್ದರು. ಒಳಗೆ ಕುಕ್ಕರ್ ಕೂಗಿತು. "ಅಳಿಯಂದ್ರೇ, ಒಂದ್ನಿಮಿಷ ಕೂತ್ಕೊಳ್ಳಿ" ಎಂದು ಅತ್ತೆ ಟಾರ್ಚನ್ನು ನನ್ನ ಕೈಗೆ ತುರುಕಿ ಎದ್ದರು.

"ಮದ್ದು?" ಎಂದರು ಮಾವ.

ಟಾರ್ಚ್ ಬಿಟ್ಟು "ಇದೆ" ಎಂದೆ. ಅವರು ಮುಂದಿನ ಕೊಳವೆಯನ್ನು ನನ್ನತ್ತ ಸರಿಸಿದರು.

"ಮದ್ದು?"

ಬಗ್ಗಿ ನೋಡಿದೆ. ತಳದಲ್ಲಿ ಹಿತ್ತಾಳೆ ಹೊಳೆಯುತ್ತಿತ್ತು. "ಇಲ್ಲ ಮಾವ."

ಅವರು ಕನ್ನಡಕದ ಮೇಲಿನಿಂದ ನನ್ನನ್ನೇ ನೋಡಿದರು. "ಪರೀಕ್ಷೆ ಮಾಡ್ದೆ. ಪಾಸಾದ್ರಿ."

"ನನಗೂ ಪ್ರತೀ ವಾರ ಹಾಗೇ ಪರೀಕ್ಷೆ ಮಾಡ್ತಾರೆ!" ಅತ್ತೆ ಒಳಗಿನಿಂದಲೇ ನಕ್ಕರು. ಮಾವನೂ ನಕ್ಕರು. ಅದು ಮರೆವೆಂದು ಇಬ್ಬರಿಗೂ ಗೊತ್ತು. ಈಗ ನನಗೂ ಗೊತ್ತಾಯಿತು.

ಅತ್ತೆ ಕೈ ಒರೆಸಿಕೊಳ್ಳುತ್ತಾ ಬಂದರು. ನಾನು ಏಳಲಿಲ್ಲ. ಅವರಿಗೆ ಪಕ್ಕದಲ್ಲಿ ಇನ್ನೊಂದು ಕುರ್ಚಿ ಎಳೆದುಕೊಟ್ಟೆ.