ಬದುಕಿಸಿದ ಮದ್ದಿನ ಬಣ್ಣ

“ಎಂತ ಮಾರಾಯ್ತಿ, ಇಷ್ಟು ಕಪ್ಪಾಗಿದ್ದೀ? ನಾಳೆ ಮದುವೆಗೆ ದಪ್ಪಕ್ಕೆ ಮೇಕಪ್ ಹಾಕಿಸು!” ಜೆಪ್ಪುವಿನ ನಮ್ಮ ಮನೆಯಲ್ಲಿ, ಕೊಂಕಣಿ ಕ್ರೈಸ್ತರ ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದಲ್ಲಿ, ತಂಗಿಯ ಕೆನ್ನೆಗೆ ತೆಂಗಿನ ಹಾಲು ಹಚ್ಚುತ್ತಿದ್ದ ನೆಂಟರೊಬ್ಬರು ಹೀಗೆಂದುಬಿಟ್ಟರು.

ಸಾಮಾನ್ಯ ಮಾತ್ರೆಗಳಿಗೆ ಬಗ್ಗದ ಕ್ಷಯ ಅವಳಿಗೆ ಬಂದು ಗುಣವಾದದ್ದು ವರನಿಗೆ ಗೊತ್ತಿತ್ತು, ನೆಂಟರಿಗೆ ಹೇಳಿರಲಿಲ್ಲ.

ತಂಗಿ ತಲೆಯೆತ್ತಿದಳು. “ನನಗೆ ಟಿಬಿ ಇತ್ತು ಆಂಟಿ, ಈಗ ಪೂರ್ತಿ ಗುಣ ಆಗಿದೆ. ಕ್ಲೋಫಾಜಿಮಿನ್ ಅಂತ ಒಂದು ಮದ್ದು ಉಂಟು, ಅದರಿಂದ ಮೈ ಕಪ್ಪಾಗ್ತದೆ. ಬದುಕಿಸಿದ ಮದ್ದಿನ ಬಣ್ಣ ಮುಚ್ಚುವುದು ಎಂತಕ್ಕೆ?”

ಆಂಟಿಯ ಕಣ್ಣು ತುಂಬಿತು. ಇನ್ನಷ್ಟು ಹಾಲು ಹಚ್ಚಿ, ಅವಳ ಹಣೆಗೆ ಮುತ್ತಿಟ್ಟರು.

ಅಲ್ಲಿಯವರೆಗೆ ನಾವು ಆ ಕಾಯಿಲೆಯ ಹೆಸರನ್ನು ಪಿಸುದನಿಯಲ್ಲೇ ಹೇಳುತ್ತಿದ್ದೆವು. ಈಗ ಅಮ್ಮ ಮನೆಗೆ ಬಂದವರಿಗೆಲ್ಲ, “ನನ್ನ ಮಗಳು ಟಿಬಿ ಗೆದ್ದವಳು” ಎನ್ನುತ್ತಾರೆ.