ಅಮೀನಸಾಬರ ರಜಿಸ್ಟರ್

ಖಾನಾಪುರದಲ್ಲಿ ನಾನು ಕಲಿಸುತ್ತಿದ್ದ ಸಾಲಿಯ ಕಾರಕೂನ ಅಮೀನಸಾಬರಿಗೆ ದಾಖಲಾತಿ ರಜಿಸ್ಟರ್ ಅಂದರೆ ಜೀವ. ಯಾರು ಬಂದು ಕೇಳಿದರೂ ತೆಗೆದು ತೋರಿಸುತ್ತಿದ್ದರು. ತೋರಿಸಬಾರದು ಅನ್ನುವ ಕಾಯ್ದೆ ಆಗ ನಮಗೆ ಗೊತ್ತಿರಲಿಲ್ಲ. ಕಾಯ್ದೆ ಹಾಳಾಗಲಿ, ನಮಗ್ಯಾರಿಗೂ ಬುದ್ಧಿಯೂ ಇರಲಿಲ್ಲ.

೧೯೮೩ರಲ್ಲಿ ಬೆಳಗಾವಿಯಿಂದ ಗಂಡಿನ ಕಡೆಯವರು ಬಂದರು. ಹುಡುಗ ಉದ್ಯಮಬಾಗದ ಫೌಂಡ್ರಿಯಲ್ಲಿದ್ದ. ನಮ್ಮಲ್ಲಿ ಕಲಿತಿದ್ದ ಸುಗರಾಳ ವಯಸ್ಸು ಖರೇ ಎಷ್ಟು ಅಂತ ಅವರಿಗೆ ನೋಡಬೇಕಿತ್ತು. ಅಮೀನಸಾಬರು ಚಹಾ ತರಿಸಿ, "ನನ್ನ ರಜಿಸ್ಟರ್ ಸುಳ್ಳು ಹೇಳೂದಿಲ್ರಿ" ಅಂತ ಪುಟ ತೆಗೆದರು. ಹುಟ್ಟಿದ ತಾರೀಖು ಸರಿಯಾಗಿಯೇ ಇತ್ತು. ಅದರ ಬಾಜೂಕ, ಸಾಲಿ ಬಿಟ್ಟ ಕಾರಣದ ಕಾಲಮ್ಮಿನಲ್ಲಿ, ಎಂಟು ವರ್ಷದ ಹಿಂದೆ ಅವರೇ ದುಂಡಗೆ ಬರೆದಿದ್ದರು: ಕ್ಷಯ.

ಬಂದವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ವಾರದ ಮೇಲೆ ಸುಗರಾ ಬಂದಳು. ಬೈತಾಳೆ ಅಂತ ಅಮೀನಸಾಬರು ತಲೆ ತಗ್ಗಿಸಿದರು. ಅವಳು ಬೈಯಲಿಲ್ಲ. ಆಸ್ಪತ್ರೆಯ ಹಳೆಯ ಚೀಟಿಯನ್ನು ಮೇಜಿನ ಮೇಲಿಟ್ಟು, "ಆರಾಮ ಆಗಿ ಏಳು ವರ್ಷ ಆತ್ರಿ, ಚಾಚಾ. ಅದನ್ನೂ ಬರೀರಿ" ಅಂದಳು.

ಅಮೀನಸಾಬರು ಪೆನ್ನು ತೆಗೆದುಕೊಂಡು ಪುಟದ ಕಾಲಮ್ಮುಗಳನ್ನು ಒಂದೊಂದಾಗಿ ನೋಡಿದರು. ಅದನ್ನು ಬರೆಯುವ ಕಾಲಮ್ಮು ಎಲ್ಲೂ ಇರಲಿಲ್ಲ.